ಊರು ಬಂತು, ಇಳಿ

ಮದುವೆಯಾದ ಹೊಸದರಲ್ಲಿ ನನ್ನ ಗಂಡ ನನ್ನೊಡನೆ ಅತಿ ಹೆಚ್ಚು ಆಡಿದ ಮಾತು ಇದು: "ಊರು ಬಂತು ಕಣೇ, ಇಳಿ." ಪ್ರೀತಿಯ ಮಾತು ಅಂತ ಬೇರೇನಾದರೂ ಆಡಿದ್ದರೆ ನನಗೆ ನೆನಪಿಲ್ಲ. ಆಗ ಸೈಕಲ್ಲಿನ ಕ್ಯಾರಿಯರ್ ಮೇಲೆ ಹೆಂಡತಿಯನ್ನು ಕೂರಿಸಿಕೊಂಡು ಊರೊಳಗೆ ಹೋಗುವಂತಿರಲಿಲ್ಲ. ಅರಳಿಕಟ್ಟೆಯ ಮೇಲೆ ಹಿರಿಯರು ಕೂತಿರುತ್ತಾರೆ. ಅವರೆದುರು ಸೊಸೆಯಾದವಳು ಕಾಲು ಇಳಿಬಿಟ್ಟುಕೊಂಡು ಸವಾರಿ ಹೋದರೆ ಗಂಡನ ಮನೆಯ ಮರ್ಯಾದೆಯೇ ಹೋಯಿತು ಅಂತ ಲೆಕ್ಕ. ಊರು ಒಂದು ಕೂಗಳತೆ ಇದ್ದಂತೆಯೇ ಇಳಿಯಬೇಕು, ಸೆರಗು ಹೊದ್ದು ಗಂಡನ ಹಿಂದೆ ನಡೆಯಬೇಕು, ಊರು ದಾಟಿದ ಮೇಲೆ ಮತ್ತೆ ಹತ್ತಬೇಕು. ಯಾವಾಗ ಇಳಿಯಬೇಕು ಅನ್ನುವುದನ್ನು ಗಂಡ ಹೇಳಬೇಕು. ನಾನೇ ಮೊದಲು ಇಳಿದರೆ ಅವರಿಗೆ ಸಿಟ್ಟು ಬರುತ್ತಿತ್ತು.

ನನ್ನ ತವರು ಅಮೃತೂರಿನ ಕಡೆ. ಅಲ್ಲಿ ಶಿಂಷಾ ಅಂದರೆ ತುಂಬು ಹೊಳೆ. ಎಪ್ಪತ್ತರ ದಶಕದ ನಡುವಿನಲ್ಲಿ ಮದುವೆಯಾಗಿ ಊರ್ಡಿಗೆರೆ ಕಡೆಯ ಈ ಬೆಟ್ಟದ ತಪ್ಪಲಿಗೆ ಬಂದಾಗ ಅದೇ ಹೊಳೆ ಬಂಡೆಗಳ ಸಂದಿನಲ್ಲಿ ತೊಟ್ಟಿಕ್ಕುತ್ತಿತ್ತು. "ಇದ್ಯಾವ ಹೊಳೆ ರೀ, ಎಮ್ಮೆ ದಾಟುದ್ರೂ ಗೊರಸು ನೆನೆಯಲ್ಲ" ಅಂತ ಮೊದಲ ವಾರವೇ ಆಡಿಕೊಂಡಿದ್ದೆ. ಆದರೆ ಆ ಕಣಿವೆಯ ಹಸಿರನ್ನು ಆಡಿಕೊಳ್ಳಲು ನನಗೂ ಬಾಯಿ ಬರಲಿಲ್ಲ. ಎರಡೂ ಕಡೆ ಬೆಟ್ಟ, ಇಳಿಜಾರಿನ ತುಂಬ ಬಿದಿರು, ಕೆಳಗೆ ಹೊಳೆಯಂಚಿಗೆ ಹೊಂಗೆ ಮರಗಳು. ಹೊಳೆ ಹೋದ ಕಡೆಗೆಲ್ಲ ತಿರುಗಿಕೊಂಡು ಹೋಗುವ ಒಂದು ಜಲ್ಲಿ ರಸ್ತೆ.

ನನ್ನ ಗಂಡನದು ಬಟ್ಟೆ ವ್ಯಾಪಾರ. ತುಮಕೂರಿನಿಂದ ಸೀರೆ, ಪಂಚೆ, ರವಿಕೆ ಕಣ ತಂದು, ಗಂಟು ಕಟ್ಟಿ, ಸೈಕಲ್ಲಿನ ಮೇಲೆ ಕಣಿವೆಯ ಊರೂರಿಗೆ ಹೋಗಿ ಮಾರುತ್ತಿದ್ದರು. ಸೈಕಲ್ಲಿನ ಮೇಲೆ ಅವರಿಗಿದ್ದ ಮೋಹ ಹೇಳತೀರದು. ಹ್ಯಾಂಡಲ್ಲಿಗೆ ಕುಚ್ಚು, ಚಕ್ರಕ್ಕೆ ಬಣ್ಣದ ಮಣಿ. ಮನೆಯಲ್ಲಿ ರಾಗಿ ಮುಗಿದಿದ್ದರೂ ಚೈನಿಗೆ ಎಣ್ಣೆ ತಪ್ಪುತ್ತಿರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ನಾನು ಚುಚ್ಚಿದರೆ ನಕ್ಕು ಸುಮ್ಮನಾಗುತ್ತಿದ್ದರು. ರಸ್ತೆಯನ್ನು ಮಾತ್ರ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದರು. "ಈ ಜಲ್ಲಿ ಮ್ಯಾಲೆ ತುಳ್ದೂ ತುಳ್ದೂ ಮಂಡಿ ಸವೆದೋಯ್ತು. ಒಂದಿನ ಟಾರು ಬಂದ್ರೆ ಹಾಲು ಕುಡ್ದಂಗೆ ಹೋಗ್ಬೋದು ಕಣೇ" ಅನ್ನುತ್ತಿದ್ದರು.

ನನ್ನನ್ನೂ ವ್ಯಾಪಾರಕ್ಕೆ ಕರೆದುಕೊಂಡು ಹೋಗು ಅಂತ ಹೇಳಿದ್ದು ನಮ್ಮ ಅತ್ತೆ. ಗಂಡಸಿನ ಮುಂದೆ ರವಿಕೆ ಕಣ ಆರಿಸಲು ಹೆಂಗಸರು ನಾಚುತ್ತಾರೆ, ಜೊತೆಗೆ ಹೆಂಡತಿ ಇದ್ದರೆ ಒಳ್ಳೆಯದು ಅಂತ ಅವರು ಕೊಟ್ಟ ಕಾರಣ. ನಿಜವಾದ ಕಾರಣ ನನಗೆ ಒಂದು ಸಂಜೆ ಗೊತ್ತಾಯಿತು. ದೀಪ ಹಚ್ಚುವ ಹೊತ್ತಿನಲ್ಲಿ ನಾನು ಗಂಡನಿಗೆ ನೀರಿನ ಚೊಂಬು ಚಾಚಿದೆ, ಅವರ ಕೈ ಗಾಳಿಯಲ್ಲಿ ತಡಕಾಡಿತು. ಚೊಂಬು ಕೆಳಗೆ ಬಿತ್ತು. ಇರುಳುಗಣ್ಣು ಇದೆ ಅಂತ ಮದುವೆಗೆ ಮುಂಚೆ ಯಾರೂ ಹೇಳಿರಲಿಲ್ಲ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆದರೆ ಬಿದ್ದ ಚೊಂಬನ್ನು ಹುಡುಕುತ್ತಾ ಅವರು ನೆಲ ಸವರುತ್ತಿದ್ದುದನ್ನು ನೋಡಿ ಸಿಟ್ಟೆಲ್ಲ ಅಳುವಾಯಿತು.

ವರ್ಷ ಕಳೆದಂತೆ ಅವರಿಗೆ ಹಗಲಿನ ನೋಟವೂ ಕಮ್ಮಿಯಾಗುತ್ತಾ ಬಂತು. ಮೊದಲು ಪಕ್ಕದಲ್ಲಿ ಬಂದವರು ಕಾಣುತ್ತಿರಲಿಲ್ಲ. ಆಮೇಲೆ ನೇರಕ್ಕೆ ಒಂದು ತಟ್ಟೆಯಷ್ಟು ಜಾಗ ಮಾತ್ರ ಕಾಣುತ್ತಿತ್ತು, ಅದೂ ಮಸುಕು. ತುಮಕೂರಿನ ಕಣ್ಣು ಡಾಕ್ಟರು ನೋಡಿದರು, ಬೆಂಗಳೂರಿನ ದೊಡ್ಡಾಸ್ಪತ್ರೆಗೂ ಹೋಗಿಬಂದೆವು. ಕಣ್ಣಿನ ಒಳಪದರ ಸವೆಯುತ್ತಿದೆ, ಇದು ಕನ್ನಡಕಕ್ಕೆ ಬಗ್ಗುವುದಲ್ಲ ಅಂದರು. ಬಸ್ಸಿನಲ್ಲಿ ವಾಪಸು ಬರುವಾಗ ಅವರು ಕೇಳಿದ್ದು ಒಂದೇ ಮಾತು: "ಸೈಕಲ್ ತುಳೀಬೋದಾ ಅಂತ ಯಾಕೆ ಕೇಳ್ಲಿಲ್ಲ ನೀನು?" ನಾನು ಕಿಟಕಿಯ ಕಡೆ ತಿರುಗಿ ಕೂತೆ.

ಅವರು ತುಳಿದರು. ಅದು ಹೇಗೆ ಅಂತ ಕ್ಯಾರಿಯರ್ ಮೇಲೆ ಕೂತಿದ್ದ ನನಗೆ ತಿಳಿಯಲು ಬಹಳ ದಿನ ಹಿಡಿಯಿತು. ಅವರು ಬೈಯುತ್ತಿದ್ದ ಜಲ್ಲಿಯೇ ಅವರಿಗೆ ದಾರಿ ಹೇಳುತ್ತಿತ್ತು. ಗಾಡಿಜಾಡಿನಲ್ಲಿ ಕಲ್ಲು ಅರೆದು ಸಣ್ಣಗಾಗಿ ಚಕ್ರ ಸರ್ರನೆ ಹೋಗುತ್ತದೆ. ಜಾಡುಗಳ ನಡುವೆ ಉಬ್ಬಿದ ದಿಂಡಿಗೆ ಹತ್ತಿದರೆ ಕಟಕಟ ಅನ್ನುತ್ತದೆ. ಅಂಚಿಗೆ ಸರಿದರೆ ಹೊಂಗೆ ಎಲೆ ಕುರುಕುರು ಅನ್ನುತ್ತದೆ. ಊರು ಹತ್ತಿರವಾದಂತೆ ದನಕರುಗಳು ತುಳಿದೂ ತುಳಿದೂ ದಾರಿ ಮೆತ್ತಗಾಗಿ, ಚಕ್ರದ ಸದ್ದೇ ಅಡಗುತ್ತದೆ. ಸದ್ದು ಅಡಗಿದ ಕೂಡಲೇ ಅವರು ಬ್ರೇಕು ಹಿಡಿಯುತ್ತಿದ್ದರು.

"ಊರು ಬಂತು ಕಣೇ, ಇಳಿ."

ನಾನು ಇಳಿಯುತ್ತಿದ್ದೆ. ಹಿಂದಿನಿಂದ ಸುಮ್ಮನೆ ಮಾತಾಡುತ್ತಿದ್ದೇನೆ ಅನ್ನುವ ಹಾಗೆ, "ಅಯ್ಯೋ, ಎಡಗಡೆ ಆ ಎಮ್ಮೆ ನೋಡ್ರೀ, ಎಂಗೆ ಮಲ್ಗದೆ" ಅನ್ನುತ್ತಿದ್ದೆ. ಅವರು ಬಲಕ್ಕೆ ಸರಿಯುತ್ತಿದ್ದರು. ಕಟ್ಟೆಯ ಮೇಲಿದ್ದವರು, "ಏನ್ಲಾ, ನಿನ್ನೆಂಡ್ತಿ ಬಾಯಿಗೆ ಬೀಗಾನೇ ಇಲ್ವೇನ್ಲಾ?" ಅಂತ ನಗುತ್ತಿದ್ದರು. ನನ್ನನ್ನು ಬಾಯಿಬಡುಕಿ ಅಂತ ಇಡೀ ಕಣಿವೆಯೇ ಕರೆಯಿತು, ಕರೆಯಲಿ. ಅವರ ಕಣ್ಣಿನ ಸುದ್ದಿ ಯಾರಿಗೂ ಪೂರ್ತಿ ಗೊತ್ತಾಗಲಿಲ್ಲ. ಇಳಿಜಾರಿನಲ್ಲಿ ಪೆಡಲು ಬಿಟ್ಟು, ಗಾಳಿಗೆ ಮುಖ ಒಡ್ಡಿ, ಬೆಟ್ಟ ಇವತ್ತು ಯಾವ ಬಣ್ಣ ಇದೆ ಅಂತ ಅವರು ಕೇಳುವಾಗ, ದೇವರೇ, ಇಷ್ಟನ್ನಾದರೂ ಇವರಿಗೆ ಉಳಿಸು ಅಂತ ನಾನು ಬೇಡಿಕೊಳ್ಳುತ್ತಿದ್ದೆ.

ಎಂಬತ್ತರ ದಶಕದಲ್ಲಿ ಟಾರು ಬಂತು. ರೋಲರ್ ಬಂದ ದಿನ ಮಕ್ಕಳೆಲ್ಲ ಅದರ ಹಿಂದೆ ಓಡಿದರು. ಹೆಂಗಸರು ಕುಂಕುಮವಿಟ್ಟು ಕಾಯಿ ಒಡೆದರು, ನಾನೂ ಒಂದು ಕಾಯಿ ಒಡೆದೆ. ಹೊಸ ರಸ್ತೆ ಹೊಳೆಯ ತಿರುವುಗಳನ್ನೆಲ್ಲ ಬಿಟ್ಟು ನೇರಕ್ಕೆ ಹೋಯಿತು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುವ ಗಾದೆ ಅವತ್ತು ನನಗೆ ಹೊಳೆಯಲೇ ಇಲ್ಲ.

ರಸ್ತೆ ಕೆಲಸ ಮುಗಿದ ಮಾರನೆಯ ಬೆಳಿಗ್ಗೆ ಗಂಟು ಕಟ್ಟಿಕೊಂಡು ಹೊರಟೆವು. ಸೈಕಲ್ ನಿಜವಾಗಿಯೂ ಹಾಲು ಕುಡಿದ ಹಾಗೆ ಹೋಗುತ್ತಿತ್ತು. ನಾನು ಖುಷಿಯಾಗಿದ್ದೆ. ಅವರ ಬೆನ್ನು ಮಾತ್ರ ಸೆಟೆದುಕೊಂಡಿತ್ತು.

"ಏನಾಯ್ತು ರೀ?"

"ಏನೂ ಕೇಳುಸ್ತಿಲ್ಲ ಕಣೇ. ಎಲ್ಲಾ ಕಡೇನೂ ಒಂದೇ ತರ ಅದೆ."

ಎಡಕ್ಕೆ, ಬಲಕ್ಕೆ ಅಂತ ನಾನು ಹೇಳುತ್ತಾ ಬಂದೆ. ಮೊದಲನೆಯ ಊರು ಕಾಣಿಸಿತು. ಇಳಿ ಅಂತ ಹೇಳಬೇಕಾದವರು ಅವರು, ಹೇಳುತ್ತಾರೆ ಅಂತ ಕಾದೆ. ಮೊದಲನೆಯ ಮನೆ ಬಂತು. ನಾನು ಬಾಯಿ ತೆಗೆಯುವಷ್ಟರಲ್ಲಿ ಸೈಕಲ್ ಅರಳಿಕಟ್ಟೆಯ ಮುಂದೆಯೇ ಇತ್ತು, ಕ್ಯಾರಿಯರ್ ಮೇಲೆ ಕಾಲು ಇಳಿಬಿಟ್ಟುಕೊಂಡು ನಾನು. ಒಬ್ಬ ಅಜ್ಜ, "ಇದ್ಯಾಕ್ಲಾ, ಎಂಡ್ತಿ ಮೆರವಣಿಗೆ ಮಾಡ್ತಿದೀಯಾ?" ಅಂದ.

ಅವರು ಬ್ರೇಕು ಹಿಡಿದು ಕಾಲೂರಿದರು. ಅವರು ಅಜ್ಜನ ಕಡೆ ತಿರುಗಲು ನೋಡಿದರು, ಆದರೆ ತಿರುಗಿದ್ದು ಕಲ್ಲುಕಂಬದ ಕಡೆಗೆ. ಆ ಕಂಬಕ್ಕೇ ಕೈ ಮುಗಿದು, "ತೆಪ್ಪಾಯ್ತು ಗೌಡ್ರೇ" ಅಂದರು. ಆಗ ಕಟ್ಟೆಯ ಮೇಲಿದ್ದವರಿಗೆಲ್ಲ ಗೊತ್ತಾಯಿತು. ಒಬ್ಬರೂ ನಗಲಿಲ್ಲ. ನಕ್ಕಿದ್ದರೆ ನಾನು ಜಗಳವಾದರೂ ಆಡುತ್ತಿದ್ದೆ. ಆ ಅಜ್ಜನೇ ಎದ್ದು ಬಂದು ಹ್ಯಾಂಡಲ್ ಹಿಡಿದು, "ಬಾರಪ್ಪ, ಮಜ್ಜಿಗೆ ಕುಡ್ಕೊಂಡು ಹೋಗೀವಂತೆ" ಅಂದ. ನನ್ನ ಗಂಡನ ಹ್ಯಾಂಡಲ್ಲನ್ನು ಇನ್ನೊಬ್ಬರು ಹಿಡಿದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೆ ಊರೂರು ತಿರುಗುವುದು ನಿಂತಿತು. ಬಸ್ಸೂ ಬಂತು, ಜನ ತುಮಕೂರಿಗೇ ಹೋಗಿ ಬಟ್ಟೆ ತಂದರು. ಮನೆಯ ಜಗಲಿಯ ಮೇಲೆ ಹಲಗೆ ಹೊಡೆಸಿ, ಉಳಿದ ಬಟ್ಟೆ ಇಟ್ಟುಕೊಂಡು ನಾನು ಮಾರುತ್ತಿದ್ದೆ. ಅವರು ಒಳಗೆ ಸೈಕಲ್ ಒರೆಸುತ್ತಾ ಕೂರುತ್ತಿದ್ದರು.

ಒಂದು ದಿನ, ಹಳೆಯ ದಾರಿಗೆ ಹೋಗೋಣ ಅಂತ ನಾನೇ ಹೇಳಿದೆ. ಹೊಸ ರಸ್ತೆ ಬಿಟ್ಟುಹೋದ ಹಳೆಯ ತಿರುವು ಇತ್ತಲ್ಲ, ಹೊಳೆಯ ಅಂಚಿನದು, ಅಲ್ಲಿ ಜಲ್ಲಿ ಹಾಗೇ ಇತ್ತು. ಟಾರಿನಿಂದ ಕವಲೊಡೆದು, ಬಿದಿರು ಮೆಳೆಯ ಕೆಳಗೆ ಇಳಿದು, ಮತ್ತೆ ಟಾರಿಗೇ ಬಂದು ಸೇರುವ ಒಂದು ತುಂಡು ದಾರಿ. ಅದರಲ್ಲಿ ಒಂದು ಊರೂ ಇರಲಿಲ್ಲ. ಅಲ್ಲಿಯತನಕ ಸೈಕಲ್ ತಳ್ಳಿಕೊಂಡು ಹೋಗಿ, ಅಲ್ಲಿ ಹತ್ತಿದೆವು. ಕಟಕಟ ಸದ್ದು ಕೇಳುತ್ತಿದ್ದಂತೆ ಅವರ ಬೆನ್ನು ಸಡಿಲವಾಯಿತು. ಆಮೇಲೆ ಸಂಜೆಯಾದರೆ ನಮಗೆ ಅದೇ ಕೆಲಸ. ಮಾರಲು ಗಂಟಿಲ್ಲ, ಹೋಗಲು ಊರಿಲ್ಲ, ಈ ಕೊನೆಯಿಂದ ಆ ಕೊನೆಗೆ ಹೋಗಿ ಬರುವುದು. ಊರಿಲ್ಲದ್ದರಿಂದ ನಾನು ಇಳಿಯುವ ಹಾಗೂ ಇರಲಿಲ್ಲ. ನನ್ನ ಸಂಸಾರದಲ್ಲಿ ಅಷ್ಟು ಸುಖವಾದ ದಿನಗಳು ಬೇರೆ ಇಲ್ಲ.

ಆದರೆ ಗಾಡಿ ಓಡಾಡದ ದಾರಿ ಎಷ್ಟು ದಿನ ದಾರಿಯಾಗಿರುತ್ತದೆ? ಎರಡು ಮಳೆಗಾಲದಲ್ಲಿ ಜಾಡಿನಲ್ಲಿ ಗರಿಕೆ ಹಬ್ಬಿತು, ನಡುವಿನ ದಿಂಡಿನಲ್ಲಿ ತುಂಬೆ ಗಿಡ ಎದ್ದಿತು. ಬೇರೆ ಯಾರಾದರೂ ಆಗಿದ್ದರೆ ಎಷ್ಟು ಚೆನ್ನಾಗಿದೆ ಅನ್ನುತ್ತಿದ್ದರು. ನಾನು ಅವರಿಗೆ ತಿಳಿಯದಂತೆ ಮಧ್ಯಾಹ್ನ ಕುಡುಗೋಲು ಹಿಡಿದು ಹೋಗಿ ಕೊಯ್ದು ಬರುತ್ತಿದ್ದೆ. ಮಳೆ ಬಂದರೆ ಮತ್ತೆ ಅಷ್ಟೇ. ಆ ಹಸಿರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು.

ಆ ಸಂಜೆ ಬಿದಿರು ಮೆಳೆ ದಾಟಿ ಸ್ವಲ್ಪ ದೂರ ಹೋಗಿದ್ದೆವು. ಹುಲ್ಲು ದಟ್ಟವಾಯಿತು. ಕಟಕಟ ನಿಂತಿತು, ಸರ್ರ್ ಅನ್ನುವುದೂ ನಿಂತಿತು. ಸೈಕಲ್ ಅತ್ತಿತ್ತ ಓಲಾಡಿತು. ಅವರು ಬ್ರೇಕು ಹಿಡಿದು, ಒಂದು ಕಾಲು ನೆಲಕ್ಕೆ ಊರಿದರು. ಬಹಳ ಹೊತ್ತು ಕಿವಿಗೊಟ್ಟು ನಿಂತರು. ಎಡಕ್ಕೆ ಬೆಟ್ಟ, ಬಲಕ್ಕೆ ಹೊಳೆ, ಸುತ್ತ ಒಂದು ನರಪಿಳ್ಳೆ ಇಲ್ಲ.

"ಊರು ಬಂತು ಕಣೇ," ಅಂದರು, "ಇಳಿ."

ನಾನು ಇಳಿದೆ. ಸೆರಗು ಹೊದ್ದುಕೊಂಡೆ. ಅವರು ಸೈಕಲ್ ತಳ್ಳಿಕೊಂಡು ಮುಂದೆ ನಡೆದರು, ನಾನು ಹಿಂದೆ ನಡೆದೆ. "ಎಡಗಡೆ ಯಾರೋ ಕಣ ಗುಡಿಸ್ತಾ ಅವ್ರೆ ನೋಡ್ರೀ" ಅಂದೆ. ಅವರು ಬಲಕ್ಕೆ ಸರಿದರು. ಟಾರು ರಸ್ತೆ ಸಿಕ್ಕಿದ ಮೇಲೂ ಹತ್ತು ಅನ್ನಲಿಲ್ಲ. ಆಮೇಲೆ ಅವರು ಇನ್ನೂ ಬಹಳ ವರ್ಷ ಬದುಕಿದ್ದರು, ಊರು ಬಂತು ಅನ್ನುವ ಮಾತನ್ನು ಮಾತ್ರ ಮತ್ತೆಂದೂ ಆಡಲಿಲ್ಲ.