ನನ್ನ ಮಡಿಗೆ ಡಾಕ್ಟರು ಇಟ್ಟ ಹೆಸರು

ಶೃಂಗೇರಿ ಸುತ್ತಮುತ್ತ ಯಾರ ಮನೆಯಲ್ಲಿ ಶ್ರಾದ್ಧವಿದ್ದರೂ ಅಡುಗೆಗೆ ಕೈಜೋಡಿಸಲು ನನಗೆ ಹೇಳಿಕೆ ಬರುತ್ತಿತ್ತು. ನನ್ನ ಅಡುಗೆಯೇನೂ ಅಂಥ ರುಚಿಯದಲ್ಲ. ಸಾರಿಗೆ ಒಂದು ದಿನ ಉಪ್ಪು ಜಾಸ್ತಿ, ಇನ್ನೊಂದು ದಿನ ಮರೆತೇ ಹೋಗಿರುತ್ತದೆ. ಕರೆಯುತ್ತಿದ್ದುದು ನನ್ನ ಮಡಿಗೆ. ನಮ್ಮೂರು ಅಡ್ಡಗದ್ದೆ. ಅಡ್ಡಗದ್ದೆಯವಳ ಮಡಿ ಅಂದರೆ ಮಡಿ ಎಂದು ವಯಸ್ಸಾದವರು ತಮ್ಮ ಸೊಸೆಯರಿಗೆ ನನ್ನನ್ನು ತೋರಿಸಿ ಬುದ್ಧಿ ಹೇಳುತ್ತಿದ್ದರು. ತೊಳೆದಿಟ್ಟ ಸೌಟನ್ನು ನಾನು ಮತ್ತೆ ತೊಳೆಯುತ್ತಿದ್ದೆ, ಬಾವಿಯ ಹಗ್ಗ ಮುಟ್ಟಿದ್ದಕ್ಕೆ ಮತ್ತೆ ಮೀಯುತ್ತಿದ್ದೆ. ನನಗೂ ಜಂಭವಿತ್ತು, ಸುಳ್ಳೇಕೆ ಹೇಳಲಿ. ಆ ಸೊಸೆಯರು ನನಗೆ ಎಷ್ಟು ಶಾಪ ಹಾಕಿದ್ದಾರೋ ಏನೋ.

ಒಳಗಿನ ಸಂಗತಿ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ನನ್ನ ಕೈಯಲ್ಲಿ ಎಂಥದೋ ಕೊಳೆ ಉಳಿದು, ಅದು ಅನ್ನಕ್ಕೆ ಸೇರಿ, ಇರುವ ಒಬ್ಬಳೇ ಮಗಳಿಗೆ ಏನಾದರೂ ಆಗಿಬಿಡುತ್ತದೆ ಎಂಬ ಹೆದರಿಕೆ ನನಗೆ. ತೊಳೆದರೆ ಹೋಗುತ್ತಿತ್ತು, ಕೈ ಒರೆಸಿಕೊಳ್ಳುವಷ್ಟರಲ್ಲಿ ಮತ್ತೆ ಬರುತ್ತಿತ್ತು. ಅಂಗೈ ಒಡೆದು ಹುಣಸೆಹುಳಿ ಕಿವುಚಿದರೆ ಕಣ್ಣಲ್ಲಿ ನೀರು. ಮಗಳು ಶಾಲೆಗೆ ಹೋಗುತ್ತಿದ್ದಾಗ ಅವಳನ್ನು ಅಂಗಳದಲ್ಲೇ ನಿಲ್ಲಿಸಿ ಮೂರು ಕೊಡ ನೀರು ಹೊಯ್ದು, ತೆಂಗಿನ ನಾರಿನಿಂದ ಉಜ್ಜಿ ಒಳಗೆ ಬಿಡುತ್ತಿದ್ದೆ. ಒದ್ದೆ ಬಟ್ಟೆಯಲ್ಲಿ ಅವಳ ಪಟ್ಟಿ ಪುಸ್ತಕ ಒರೆಸಿ, ಬರೆದ ಲೆಕ್ಕವೆಲ್ಲ ಅಳಿಸಿಹೋಗಿ, ಅವಳು ಮೇಷ್ಟರ ಹತ್ತಿರ ಪೆಟ್ಟು ತಿಂದು ಬಂದದ್ದೂ ಇದೆ. ಅದನ್ನೂ ಊರವರು ಮಡಿ ಎಂದೇ ಹೊಗಳಿದರು.

ಆ ಮಗಳನ್ನು ಸೀತೂರಿಗೆ ಮದುವೆ ಮಾಡಿ ಕೊಟ್ಟಿದ್ದೆವು. ಬಸುರಿಯಾದಳು. ಚೊಚ್ಚಲ ಬಾಣಂತನ ತವರುಮನೆಯದ್ದು ತಾನೇ? ನಾನು ಹಳೇ ನೂಲಿನ ಸೀರೆಗಳನ್ನು ಹರಿದು ಕೂಸಿಗೆ ಬಟ್ಟೆ ಮಾಡಿಟ್ಟೆ, ಎಷ್ಟು ಸಲ ಒಗೆದೆ ಎಂದು ಕೇಳಬೇಡಿ. ಸೀಮಂತ ಮುಗಿದ ವಾರಕ್ಕೆ ಫೋನು ಬಂತು. ಆಗ ನಮ್ಮ ಕಡೆ ಮೊಬೈಲಿಗೆ ಸಿಗ್ನಲ್ ಇರಲಿಲ್ಲ, ಜಗಲಿಯಲ್ಲಿ ಲ್ಯಾಂಡ್‌ಲೈನು. ನಮ್ಮ ಯಜಮಾನರು ಎರಡು ಮಾತಾಡಿ, ಮುಖ ಸಣ್ಣ ಮಾಡಿಕೊಂಡು ನನ್ನ ಕೈಗೆ ಕೊಟ್ಟರು.

"ಅಮ್ಮಾ, ಬಾಣಂತನಕ್ಕೆ ನಾನು ಅಲ್ಲಿಗೆ ಬರಲ್ಲ. ಇಲ್ಲಿ ನಮ್ಮತ್ತೆನೇ ಮಾಡ್ತಾರೆ. ನನ್ನ ಚರ್ಮ ಹೋಗಿದ್ದು ಸಾಕು, ಕೂಸಿಂದೂ ಹೋಗೋದು ಬೇಡ" ಎಂದಳು ಮಗಳು.

ನಾನು ಫೋನು ಕೆಳಗಿಟ್ಟೆ. ಇಟ್ಟು, ಸೆರಗಿನಿಂದ ಅದನ್ನು ಒರೆಸಿದೆ. ಎದೆ ಒಡೆದ ಆ ಗಳಿಗೆಯಲ್ಲೂ ನನ್ನ ಕೈ ಒರೆಸಲು ಹೋಗಿತ್ತು. ಅದನ್ನು ನಾನೂ ನೋಡಿದೆ, ಯಜಮಾನರೂ ನೋಡಿದರು.

ಎರಡು ದಿನ ಪಾತ್ರೆ ಕುಕ್ಕಿದೆ. ಮೂರನೇ ದಿನ ಯಜಮಾನರು, ಕೊಪ್ಪಕ್ಕೊಬ್ಬರು ಡಾಕ್ಟರು ಬರುತ್ತಾರೆ, ನಿನ್ನ ಕೈ ತೋರಿಸಿಕೊಂಡು ಬರೋಣ ಎಂದರು. ನಾನು ಚರ್ಮದ ಡಾಕ್ಟರೆಂದುಕೊಂಡೆ. ಬಸ್ಸಿಳಿದು, ಮಹಡಿ ಹತ್ತಿ, ಬಾಗಿಲ ಮೇಲಿನ ಬೋರ್ಡು ಓದಿದರೆ ಮನೋರೋಗ ತಜ್ಞರು! ಮೈಯೆಲ್ಲ ಉರಿದುಹೋಯಿತು. ಅಷ್ಟು ಜನರೆದುರು ಜಗಳ ಆಡುವಂತಿಲ್ಲ, ಪಿಸುಗುಟ್ಟಿಯೇ ಬೈದೆ. ಅವರು ಮಾತ್ರ, "ಬಸ್ ಚಾರ್ಜು ಕೊಟ್ಟಾಗಿದೆ ಮಾರಾಯ್ತಿ, ಕೂತ್ಕೋ" ಎಂದು ಬೆಂಚಿನ ತುದಿಗೆ ಸರಿದರು. ಇನ್ನೊಂದು ತುದಿಯಲ್ಲಿ ನಮ್ಮ ಕಡೆಯ ಪರಿಚಯದವರೊಬ್ಬರು ಕೂತಿದ್ದರು. ಕೆಳಗಡೆ ಹಲ್ಲಿನ ಡಾಕ್ಟರಿದ್ದದ್ದು ಇಬ್ಬರ ಪುಣ್ಯ. ಹಲ್ಲು ನೋವಾ ಎಂದು ಅವರು ಕೇಳಿದರು, ಹೌದು ಎಂದೆ. ನಾನೂ ಕೇಳಿದೆ, ಅವರೂ ಹೌದೆಂದರು. ಆಮೇಲೆ ಇಬ್ಬರೂ ಕೆನ್ನೆ ಹಿಡಿದುಕೊಂಡು ಕೂತೆವು.

ಶಿವಮೊಗ್ಗದಿಂದ ಹದಿನೈದು ದಿನಕ್ಕೊಮ್ಮೆ ಬರುವ ಡಾಕ್ಟರು ಅವರು, ಮೆತ್ತಗಿನ ದನಿಯವರು. ನನ್ನ ಕೈ ನೋಡಿದರು, ಮುಲಾಮು ಬರೆಯಲಿಲ್ಲ. ಏನು ಯೋಚನೆ ಬಂದು ತೊಳೆಯುತ್ತೀರಿ ಎಂದು ಕೇಳಿದರು. ಇಪ್ಪತ್ತು ವರ್ಷದಲ್ಲಿ ಅದನ್ನು ಕೇಳಿದವರೇ ಇರಲಿಲ್ಲ. ಹೇಳತೊಡಗಿದವಳು ನಿಲ್ಲಿಸಲೇ ಇಲ್ಲ. ಮಗಳು ಫೋನಿನಲ್ಲಿ ಹೇಳಿದ್ದನ್ನೂ, ಮನೆಯಲ್ಲಿ ಅತ್ತೆ ಇರುವುದನ್ನೂ ಹೇಳಿದೆ. ಎಲ್ಲ ಕೇಳಿ, ನಿಮ್ಮ ಅತ್ತೆಯವರು ಮಡಿ ಮಾಡುತ್ತಾರಾ ಎಂದರು. ನನಗೆ ಸಿಟ್ಟು ಬಂತು. ನಮ್ಮ ಅತ್ತೆಯ ಮಡಿ ಊರಿಗೇ ಗೊತ್ತು, ಎಂಬತ್ತು ದಾಟಿದರೂ ಬಿಟ್ಟಿಲ್ಲ ಎಂದೆ.

"ಅವರ ಮಡಿ ಎಷ್ಟು ಹೊತ್ತಿಗೆ ಮುಗಿಯುತ್ತಮ್ಮ?"

"ಊಟ ಆದ್ರೆ ಮುಗೀತು."

"ನಿಮ್ಮದು?"

ನನ್ನದು ಮುಗಿದದ್ದೇ ಇಲ್ಲವಲ್ಲ. ಇದು ಮಡಿಯಲ್ಲ, ಇದಕ್ಕೆ ಗೀಳು ಕಾಯಿಲೆ ಎನ್ನುತ್ತಾರೆ, ನಿಮ್ಮೊಬ್ಬರಿಗೇ ಬಂದದ್ದಲ್ಲ, ಕಡಿಮೆ ಮಾಡಬಹುದು ಎಂದರು ಡಾಕ್ಟರು. ಮೊದಲು ಅಳು ಬಂತು, ಹಿಂದೆಯೇ ನಗು. ನಾನು ಕೆಟ್ಟವಳೂ ಅಲ್ಲ, ಮಹಾ ಮಡಿವಂತೆಯೂ ಅಲ್ಲ, ಕಾಯಿಲೆಯವಳು! ಬರುವಾಗ ಬಸ್ಸಿನಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವಳ ಹಾಗೆ, "ನನಗೆ ಕಾಯಿಲೆಯಂತೆ ಕಣ್ರೀ, ಹೆಸರೂ ಇದೆಯಂತೆ" ಎಂದು ಹೇಳಿದ್ದನ್ನೇ ಹೇಳಿದೆ. ಮೆಲ್ಲಗೆ ಹೇಳು ಎಂದು ಯಜಮಾನರು ಕಿಟಕಿ ಕಡೆ ತಿರುಗಿದರು.

ಮನೆಯಲ್ಲಿ ಅತ್ತೆಗೆ ಹೇಳುವುದೇ ಕಷ್ಟವಾಯಿತು. ಕೇಳಿ ಸಣ್ಣ ದನಿಯಲ್ಲಿ, "ಹಂಗಾರೆ ನಂಗೂ ಇದೆಯನೇ?" ಎಂದರು. ಡಾಕ್ಟರು ಕೇಳಿದ ಪ್ರಶ್ನೆ ಹೇಳಿದೆ. ತನ್ನದು ಊಟಕ್ಕೆ ಮುಗಿಯುತ್ತದಲ್ಲ ಎಂದು ನಿಟ್ಟುಸಿರು ಬಿಟ್ಟು, ಆ ರಾತ್ರಿ ಒಂದು ದೋಸೆ ಹೆಚ್ಚಿಗೇ ತಿಂದರು. ತಿಂದು ಕೈ ತೊಳೆದು ಬಂದು ನನ್ನೆದುರು ಕೂತರು.

"ಶಾಸ್ತ್ರ ಒಂದು ಸಲ ಅಂದ್ರೆ ಒಂದೇ ಸಲ. ಅಷ್ಟಕ್ಕೆ ನನ್ನ ದೇವರಿಗೆ ಸಾಕಾಗುತ್ತೆ. ಇನ್ಮೇಲೆ ನಾನು ನೋಡ್ಕತೀನಿ."

ನೋಡಿಕೊಂಡರು ಕೂಡ! ಮಾತ್ರೆಯ ಜೊತೆಗೆ ಡಾಕ್ಟರು ಮನೆಗೆಲಸ ಕೊಟ್ಟಿದ್ದರು. ಬಾಗಿಲ ಚಿಲಕ ಮುಟ್ಟಿ ಕೈ ತೊಳೆಯದೆ ಕೂರಬೇಕು, ಹೆದರಿಕೆ ಏರುತ್ತದೆ, ಏರಲಿ, ತಾನಾಗಿಯೇ ಇಳಿಯುವ ತನಕ ಏಳಬಾರದು. ಮೊದಲ ದಿನ ನನ್ನ ಕೈಗಳನ್ನು ಬೇರೆ ಯಾರದೋ ಕೈಗಳಂತೆ ಮಡಿಲಲ್ಲಿಟ್ಟುಕೊಂಡು ಜಗಲಿಯಲ್ಲಿ ಕೂತೆ. ಬಚ್ಚಲ ಕಡೆಗೇ ಕಣ್ಣು. ಅತ್ತೆ ಪಕ್ಕದಲ್ಲಿ ಕೂತು, ಊರಿನಲ್ಲಿ ಯಾರ ಮದುವೆ ಯಾಕೆ ಮುರಿಯಿತು ಎಂಬುದನ್ನೆಲ್ಲ ಬಿಡಿಸಿ ಹೇಳಿದರು. ಮೂರನೇ ಮದುವೆ ಮುರಿಯುವ ಹೊತ್ತಿಗೆ ಹೆದರಿಕೆ ಇಳಿದಿತ್ತು. ಕೆಲವು ದಿನ ಕಳ್ಳತನವನ್ನೂ ಮಾಡಿದೆ. ಕೊಟ್ಟಿಗೆ ಕಡೆಗೆ ಹೋಗಿ, ದನಗಳಿಗೆ ಕಲಗಚ್ಚು ಹೊಯ್ಯುವ ಮರಿಗೆಯ ಪಕ್ಕದ ನಲ್ಲಿಯಲ್ಲಿ ತೊಳೆದುಕೊಂಡು ಬಂದರೆ, ಅತ್ತೆ ನನ್ನ ಕೈ ಮೂಸಿ ಸೋಪಿನ ವಾಸನೆ ಹಿಡಿದುಬಿಡುತ್ತಿದ್ದರು. ಮತ್ತೆ ಚಿಲಕ, ಮತ್ತೆ ಜಗಲಿ.

ಊರ ಬಾಯಿಗೆ ಮುಚ್ಚಳವುಂಟೇ? ಸುದ್ದಿ ಹರಡಿತು, ಶ್ರಾದ್ಧದ ಹೇಳಿಕೆಗಳು ನಿಂತವು. ಬೇಜಾರಾಯಿತು, ಇಲ್ಲವೆನ್ನುವುದಿಲ್ಲ. ಆದರೆ ಸೊಸೆಗೆ ನನ್ನನ್ನು ತೋರಿಸಿ ಬುದ್ಧಿ ಹೇಳುತ್ತಿದ್ದ ಹಿರಿಯರೊಬ್ಬರು ಒಂದು ಮಧ್ಯಾಹ್ನ ಬಂದು, ಅದೂ ಇದೂ ಮಾತಾಡಿ, ಏಳುವಾಗ ಆ ಡಾಕ್ಟರು ಯಾವ ವಾರ ಬರುತ್ತಾರೆ ಎಂದು ಕೇಳಿಕೊಂಡು ಹೋದರು.

ಅಪ್ಪ ಫೋನಿನಲ್ಲಿ ಎಲ್ಲ ಹೇಳಿದ್ದರಂತೆ, ಒಂಬತ್ತು ತಿಂಗಳು ತುಂಬುವ ಮೊದಲು ಮಗಳು ಬಂದಳು. ಇರುವುದಕ್ಕಲ್ಲ, ನೋಡಿ ಸಂಜೆ ಬಸ್ಸಿಗೆ ವಾಪಸು ಎಂದು ಮೊದಲೇ ಹೇಳಿದ್ದಳು. ಬಸ್ಸಿನ ಧೂಳು ಮೈಮೇಲೆ ಹೊತ್ತುಕೊಂಡೇ ಅಡುಗೆಮನೆಗೆ ಬಂದು ನೆಲದ ಮೇಲೆ ಕೂತಳು. ಬೇಕೆಂದೇ ಮಾಡಿದಳು, ನನಗೆ ಗೊತ್ತಿಲ್ಲವೇ, ನನ್ನದೇ ಮಗಳು. ಕಾಫಿ ಕೊಟ್ಟೆ. ಕುಡಿದ ಲೋಟವನ್ನು ಒಂದೇ ಒಂದು ಸಲ ತೊಳೆದು ಬೋರಲು ಹಾಕಿದೆ. ಕೈ ಇನ್ನೊಂದು ಸಲ ಎನ್ನುತ್ತಿತ್ತು. ಅವಳು ಕಣ್ಣು ಕೀಳದೆ ನೋಡುತ್ತಿದ್ದಳು. ಸಂಜೆ ಬಸ್ಸು ಹೋಯಿತು, ಅವಳು ಹೋಗಲಿಲ್ಲ.

ಕೊಪ್ಪದ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು, ಹೆಣ್ಣು ಕೂಸು. ಮನೆಗೆ ಬಂದ ಮೇಲೆ ಕೂಸಿಗೆ ನೀರೆರೆಯುವ ಕೆಲಸ ನನ್ನದಾಯಿತು. ಆದರೆ ನಾನು ಬಚ್ಚಲಲ್ಲಿ ಕಾಲು ನೀಡಿ ಕೂತು ಕೂಸಿಗೆ ಎಣ್ಣೆ ಹಚ್ಚತೊಡಗಿದರೆ, ಹಸಿ ಬಾಣಂತಿ ತಲೆಗೆ ಬಟ್ಟೆ ಕಟ್ಟಿಕೊಂಡು ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದಳು. ನನ್ನ ಕೈಯನ್ನೇ ನೋಡುವುದು. ಮಲಗು ಎಂದರೆ ಕೇಳುತ್ತಿರಲಿಲ್ಲ. ನನಗೆ ಅವಮಾನವಾಗುತ್ತಿತ್ತು. ಆದರೆ ಅವಳ ಬೆನ್ನನ್ನು ನಾನು ಉಜ್ಜಿದ್ದು ನೆನಪಾದರೆ ಏನು ಬಾಯಿ ತೆರೆಯಲಿ? ಕೂಸಿನ ಮಡಿಕೆ ಮಡಿಕೆ ಕುತ್ತಿಗೆ ಕಂಡಾಗ, ಅಲ್ಲಿ ಕೊಳೆ ಉಳಿದಿದೆ, ಮತ್ತೊಂದು ಚೊಂಬು ಹೊಯ್ಯಿ ಎಂದು ಒಳಗಿನಿಂದ ಒತ್ತಾಯ ಬರುತ್ತಿತ್ತು. ಬರಲಿ ಎಂದು ಬಿಟ್ಟು, ಕೂಸನ್ನು ಒರೆಸಿ ಅವಳ ಕೈಗೆ ಕೊಡುತ್ತಿದ್ದೆ. ಅವಳು ಮೊದಲು ಕೂಸಿನ ಮೈ ತಿರುಗಿಸಿ ನೋಡಿಕೊಂಡೇ ಒಳಗೆ ಹೋಗುತ್ತಿದ್ದಳು. ಹೀಗೆ ಮೂರು ವಾರ.

ಆಮೇಲೊಂದು ಬೆಳಿಗ್ಗೆ ನೀರೆರೆದು ಮುಗಿಸಿ, ಕೂಸನ್ನು ಬಟ್ಟೆಯಲ್ಲಿ ಸುತ್ತಿ ಕೊಡಲು ಕೈ ಚಾಚಿದರೆ ಬಾಗಿಲಲ್ಲಿ ಯಾರೂ ಇಲ್ಲ. ಹೆದರಿ ಒಳಗೆ ಹೋಗಿ ನೋಡಿದೆ. ಮಗಳು ಮಂಚದ ಮೇಲೆ ಬಾಯಿ ಬಿಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದಳು.