ಎಂಬತ್ತೈದನೆಯ ಚೌಕ

ಪೇಂಟರ್ ಕಾಂತೇಶ ಬಣ್ಣ ಕೇಳದೆ ಕುಂಚ ಎತ್ತುವವನಲ್ಲ. ಹಾಲಿನ ಡೈರಿಯ ಬೋರ್ಡು ಬರೆಯಲು ಎಮ್ಮೆಯನ್ನೇ ಎದುರಿಗೆ ಕಟ್ಟಿಸಿಕೊಂಡವನು. ಸುರೇಬಾನದ ನಮ್ಮ ಶಾಲೆಯ ಗೋಡೆಗೆ ಮೂಲಧಾತುಗಳ ಕೋಷ್ಟಕ ಬರೆಯುವಾಗಲೂ ಅದೇ ಹಟ. ಕ್ಲೋರಿನ್‌ಗೆ ಹಸಿರು ಹಳದಿ, ಅಯೋಡಿನ್‌ಗೆ ನೇರಳೆ ಹಚ್ಚಿದ; ಅದರ ಕೆಳಗಿನ ಎಂಬತ್ತೈದನೆಯ ಚೌಕಕ್ಕೆ ಬಂದು ನಿಂತುಬಿಟ್ಟ. “ಇದರ ಬಣ್ಣ ಯಾವದ್ರಿ, ಟೀಚರ್?” ನಾಲ್ಕಕ್ಕೆ ಅಧಿಕಾರಿಗಳ ತಪಾಸಣೆ. ಹೆಡ್‌ಮಾಸ್ತರರು ಗೇಟಿನತ್ತ ನೋಡುತ್ತ, “ಯಾವದರೆ ಒಂದ ಬಳದ ಮುಗಸೋ!” ಎಂದು ಚೀರಿದರು. ನಾನು ಅವಸರದಲ್ಲೇ ಹೇಳಿದೆ: “ಅದು ಅಸ್ಟಟೀನ್. ಬಣ್ಣ ಯಾರೂ ಕಣ್ಣಿಲೆ ನೋಡಿಲ್ಲ. ಎಂಟು ತಾಸಿನಾಗ ಅರ್ಧಕ್ಕರ್ಧ ಇಲ್ಲದಂಗ ಆಗ್ತದ. ಹೆಸರಿನ ಅರ್ಥನೂ ಸ್ಥಿರ ಇಲ್ಲದ್ದು ಅಂತನ.” ಗೇಟಿನಲ್ಲಿ ಜೀಪು ನಿಂತ ಸದ್ದಾಯಿತು. ಕಾಂತೇಶ ಏಣಿಯ ಮೇಲಿಂದ ಅಲುಗಲಿಲ್ಲ. “ಎಂಟು ತಾಸು ನಿಲ್ಲದ್ದಕ್ಕೂ ಹೆಸರು ಇಟ್ಟಾರ್ರಿ?” “ಇಟ್ಟಾರ.” “ನಮ್ಮ ಕೂಸು ಮುಂಜಾನಿ ಹುಟ್ಟಿ ಸಂಜಿಗೆ ಹೋತ್ರಿ. ತೊಟ್ಲಾಗ ಹಾಕಿರಲಿಲ್ಲ, ಅದಕ್ಕ ಹೆಸರು ಇಡಬಾರದಂದ್ರು.” ಅಷ್ಟು ಹೇಳಿ ಅವನು ಗೋಡೆಗೆ ತಿರುಗಿದ. ಆ ಚೌಕಕ್ಕೆ ಯಾವ ಬಣ್ಣವನ್ನೂ ಬಳಿಯದೆ, ಬರೀ ಸುಣ್ಣದ ಬಿಳುಪಿನ ಮೇಲೆ ಹೆಸರನ್ನು ಒಂದೊಂದೇ ಅಕ್ಷರವಾಗಿ ತಿದ್ದಿ ತಿದ್ದಿ ಬರೆಯತೊಡಗಿದ. ಅಧಿಕಾರಿಗಳು ಬಂದು ಏಣಿಯ ಕೆಳಗೆ ನಿಂತರೂ ಇಳಿಯಲಿಲ್ಲ.