ಬೆಳಗಿನ ಪೂಜೆಗೆ ಮಾತ್ರ ಕೂಗುತ್ತಿದ್ದ ಸೈರನ್

2023ರ ಬೇಸಿಗೆಯಲ್ಲಿ ನಾನು ತಿಪಟೂರಿನ ಸಣ್ಣ ಕಂಪನಿಯೊಂದರಲ್ಲಿ ಪ್ರೋಗ್ರಾಮರ್ ಆಗಿದ್ದೆ. ಬಿಳಿಗೆರೆ ಹತ್ತಿರ ತೆಂಗಿನತುರಿ ಒಣಗಿಸುವ ಕಾರ್ಖಾನೆಯೊಂದರ ಡ್ರೈಯರ್‌ಗೆ ಬೆಂಕಿ ಹೊತ್ತಿ, ಅಲ್ಲಿ ಕೆಲಸಕ್ಕಿದ್ದ ಸರೋಜ ಎಂಬಾಕೆಯ ಎರಡೂ ಕೈ ಸುಟ್ಟಿದ್ದವು. ಆ ಡ್ರೈಯರ್‌ನ ಸಾಫ್ಟ್‌ವೇರ್ ನಮ್ಮ ಕಂಪನಿಯದು. ಡ್ರೈಯರ್ ನೋಡಿಕೊಳ್ಳುತ್ತಿದ್ದವರು ಆಕೆಯ ಅಕ್ಕ ರತ್ನಮ್ಮ. ಅವರು ಬಿಸಿ ಹೆಚ್ಚಾದರೆ ಕೂಗುವ ಸೈರನ್ ಆಫ್ ಮಾಡಿ ಮಲಗಿದ್ದರು ಎಂದು ಎಲ್ಲರೂ ನಂಬಿದ್ದರು. ಸರೋಜಳೂ ಅಕ್ಕನೊಡನೆ ಮಾತು ಬಿಟ್ಟಿದ್ದಳು.

"ಸೈರನ್ ಸರಿಯಾಗೈತಮ್ಮ," ಎಂದರು ಮಾಲೀಕ ಶಿವಲಿಂಗಯ್ಯ. "ದಿನಾ ಬೆಳಿಗ್ಗೆ ಸ್ವಿಚ್ ಹಾಕಿ, ಪ್ಯಾನೆಲ್‌ಗೆ ಹೂ ಏರ್ಸಿ, ಒಂದ್ಸಲ ಕೂಗಿಸ್ತೀವಿ. ಊರಿಗೆಲ್ಲ ಕೇಳ್ತದೆ. ಸಾಫ್ಟ್‌ವೇರ್ ತಪ್ಪಿಲ್ಲ ಅಂತ ಸಂಜೆಯೊಳಗೆ ಬರ್ಕೊಟ್ಬುಡು. ರತ್ನಮ್ಮನ್ನ ಕೆಲಸದಿಂದ ಕಳಿಸ್ತೀನಿ."

ಬಿಸಿ ಅಳೆಯುವ ಕೋಡ್ ಸಿ ಭಾಷೆಯಲ್ಲಿತ್ತು. ಸೈರನ್ ಕೂಗಿಸುವ ಕೋಡ್ ತುಣುಕನ್ನು, ಅಂದರೆ ಫಂಕ್ಷನ್ನನ್ನು, ನನಗಿಂತ ಹಿಂದೆ ಇದ್ದವರು ಪೈಥಾನ್ ಎಂಬ ಬೇರೆ ಭಾಷೆಯಲ್ಲಿ ಬರೆದಿದ್ದರು. ಬಿಸಿ ಮಿತಿ ಮೀರಿದಾಗ ಸಿ ಕೋಡ್ ಅದನ್ನು ಕರೆಯಬೇಕು. ಅದಕ್ಕಾಗಿ ಆ ಫಂಕ್ಷನ್ ಮೆಮೊರಿಯಲ್ಲಿರುವ ಜಾಗದ ವಿಳಾಸವನ್ನು ಪೈಥಾನ್ ಮೊದಲೇ ಸಿಗೆ ಕೊಟ್ಟಿರುತ್ತದೆ. ಇದಕ್ಕೆ ಕಾಲ್‌ಬ್ಯಾಕ್ ಎನ್ನುತ್ತಾರೆ. ಮಧ್ಯಾಹ್ನದವರೆಗೆ ಪ್ರೋಗ್ರಾಂ ಮತ್ತೆ ಮತ್ತೆ ಆರಂಭಿಸಿ, ಬಿಸಿ ಅಳೆಯುವ ಸೆನ್ಸರನ್ನು ಕುದಿನೀರಿನಲ್ಲಿ ಅದ್ದಿ ಪರೀಕ್ಷಿಸಿದೆ. ಪ್ರತಿ ಸಲವೂ ಸೈರನ್ ಕೂಗಿತು.

ರತ್ನಮ್ಮ ಬಾಗಿಲ ಹೊರಗೇ ನಿಂತಿದ್ದರು. "ಪೂಜೆ ಟೈಮಲ್ಲಿ ಕೂಗ್ತದೆ, ನಾನೂ ಕೇಳೀನಿ. ಆವತ್ತು ಕೂಗ್ಲಿಲ್ಲ ಕಣ್ರೀ. ಒಡಹುಟ್ಟಿದೋಳ ಕೈ ಬೇಯೋವಾಗ ಮಲಗಿರ್ತೀನಾ?"

ಆದರೂ ಕಾಗದ ತೆಗೆದು ಸಾಫ್ಟ್‌ವೇರ್ ತಪ್ಪಿಲ್ಲ ಎಂದು ಒಂದು ಸಾಲು ಬರೆದೂಬಿಟ್ಟೆ. ಆಗ ಹೊಳೆಯಿತು: ಬೆಳಗಿನ ಪೂಜೆಯಂತೆ ನನ್ನ ಪರೀಕ್ಷೆಗಳೂ ಪ್ರೋಗ್ರಾಂ ಆರಂಭವಾದ ಕೂಡಲೇ ಆಗಿದ್ದವು. ಈ ಸಲ ಪ್ರೋಗ್ರಾಂ ಮುಟ್ಟದೆ ಓಡಲು ಬಿಟ್ಟೆ. ಇಳಿಹೊತ್ತಿಗೆ ಸೆನ್ಸರನ್ನು ಕುದಿನೀರಿನಲ್ಲಿ ಅದ್ದಿದೆ. ಪರದೆಯ ಮೇಲೆ ಅಂಕಿ ಏರಿತು, ಮಿತಿ ದಾಟಿತು. ಸೈರನ್ ಕೂಗಲಿಲ್ಲ.

ತನ್ನ ಕಡೆ ಯಾರೂ ಬಳಸದ್ದನ್ನು ಪೈಥಾನ್ ಸ್ವಲ್ಪ ಹೊತ್ತಿನಲ್ಲಿ ಅಳಿಸಿಬಿಡುತ್ತದೆ. ಆಚೆ ಸಿ ಅದರ ವಿಳಾಸ ಹಿಡಿದು ಕಾದಿರುವುದು ಅದಕ್ಕೆ ತಿಳಿಯದು. ಸಿ ಆ ಅಳಿಸಿದ ಜಾಗವನ್ನು ಕರೆದ ಕ್ಷಣ, ಸೈರನ್‌ನ ಪ್ರೋಗ್ರಾಂ ಸದ್ದಿಲ್ಲದೆ ನಿಂತುಹೋಗುತ್ತಿತ್ತು. ಪರದೆಯಲ್ಲಿ ಅಂಕಿ ತೋರಿಸುವುದು ಬೇರೆ ಪ್ರೋಗ್ರಾಂ. ಅದು ಏನೂ ಆಗಿಲ್ಲವೆಂಬಂತೆ ಓಡುತ್ತಿತ್ತು.

"ಕೊಬ್ಬರಿ ತೆಗೆಯೋಕೆ ಒಬ್ಬರು ಅಟ್ಟ ಹತ್ತಿರ್ತಾರೆ," ಎಂದೆ ಮಾಲೀಕರಿಗೆ. "ಯಾರೂ ಇಲ್ಲ ಅಂತ ಕೆಳಗಿನವರು ಏಣಿ ತೆಗೆದಿಟ್ಟರೆ?"

"ಕಾಲಿಟ್ರೆ ಬಿದ್ದೋಯ್ತಾರೆ," ಎಂದವರು, ರತ್ನಮ್ಮ ನಿಂತಿದ್ದ ಬಾಗಿಲ ಕಡೆ ನೋಡಿ ತಲೆ ತಗ್ಗಿಸಿದರು.

ಆ ಫಂಕ್ಷನ್ ಇನ್ನೂ ಬೇಕೆಂದು ಪೈಥಾನ್‌ಗೆ ತಿಳಿಸಲು ಒಂದೇ ಸಾಲು ಸಾಕಾಯಿತು. ಬರೆದಿದ್ದ ಕಾಗದ ಹರಿದೆ. ಸಂಜೆ ರತ್ನಮ್ಮನವರೊಡನೆ ಸರೋಜಳ ಮನೆಗೆ ಹೋಗಿ ನಾನೇ ಎಲ್ಲ ಹೇಳಿದೆ. ಬ್ಯಾಂಡೇಜಿನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅವಳು ಕೇಳಿಸಿಕೊಂಡಳು.

"ಹಂಗಾದ್ರೆ ನೀನು ಮಲಗಿರ್ಲಿಲ್ವೇನಕ್ಕ?"

"ಇಲ್ಲ ಕಣೇ. ಆವತ್ತೇ ಹೇಳ್ದೆನಲ್ಲ."

ಕೋಡ್ ದುರಸ್ತಿಯಾಯಿತು, ಕೈಗಳು ಮೊದಲಿನಂತಾಗಲಿಲ್ಲ. ಈಗ ಯಂತ್ರ ಸರಿಯಿದೆ ಎಂದು ಯಾರಾದರೂ ಹೇಳಿದರೆ, ಎಷ್ಟು ಹೊತ್ತಿನಿಂದ ಓಡುತ್ತಿದೆ ಎಂದು ಮೊದಲು ಕೇಳುತ್ತೇನೆ. ಅದರ ಪಕ್ಕದಲ್ಲಿ ನಿಲ್ಲುವವರ ಮಾತನ್ನು ಕೇಳುವವರೆಗೆ ಏನನ್ನೂ ಬರೆದುಕೊಡುವುದಿಲ್ಲ.